ಬೆನ್ನಿನ ಅಚ್ಚು

"ಉಸಿರಾಡು. ಆದ್ರೆ ಮೇಲೆ ಮೇಲೆ ಆಡು," ಎಂದ ಗಂಡ.

ಅವಳು ಮೇಲೆ ಮೇಲೆ ಉಸಿರಾಡಿದಳು. ಸೊಂಟದ ಕೆಳಗೆ ನೊರೆ ಉಬ್ಬುತ್ತಿತ್ತು. ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಎರಡು ಡಬ್ಬಿಗಳ ದ್ರವ ಕಲಸಿ ಸುರಿದು, ಚೀಲದ ಬಾಯಿ ಕಟ್ಟಿ, ಕಾರಿನೊಳಗೆ ಅದರ ಮೇಲೆ ಅವಳನ್ನು ಕೂರಿಸಿದ್ದರು. ಮೊದಲು ತಣ್ಣಗಿದ್ದದ್ದು ಈಗ ಬಿಸಿಯಾಗಿ, ತೊಡೆಯ ಸಂದುಗೊಂದುಗಳನ್ನು ಹುಡುಕುತ್ತ, ಜೀವವಿರುವ ಹಾಗೆ ಮೇಲೇರುತ್ತಿತ್ತು. ಗಟ್ಟಿಯಾಗುವ ತನಕ ಅಲ್ಲಾಡಬಾರದು. ಗಟ್ಟಿಯಾದರೆ ಅದು ಸೀಟು. ಅವಳೊಬ್ಬಳ ಅಳತೆಯ ಸೀಟು. ಬೇರೆ ಯಾರು ಕೂತರೂ ಅದು ಒಪ್ಪಿಕೊಳ್ಳುವುದಿಲ್ಲವಂತೆ. ಹಾಗಂತ ಗಂಡ ಕಂಡಕಂಡವರಿಗೆಲ್ಲ ಹೇಳಿದ್ದ.

"ಅತ್ತಿಗೆ, ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂತಿದ್ದೀರ," ಎಂದ ಮೈದುನ. ಕಾರಿನ ಆ ಪಕ್ಕದಲ್ಲಿ ಮಂಡಿಯೂರಿ ಚೀಲದ ಅಂಚು ಒತ್ತಿ ಹಿಡಿದಿದ್ದ.

"ನಗಿಸ್ಬೇಡ ಕಣೋ. ನಕ್ಕರೆ ಸೀಟಲ್ಲಿ ಅಲೆ ಬೀಳುತ್ತೆ," ಎಂದ ಗಂಡ.

"ನಾನು ನಗ್ತಿಲ್ಲ," ಎಂದಳು ಅವಳು.

"ಮಾತೂ ಬೇಡ."

ಅವಳು ಮಾತು ನಿಲ್ಲಿಸಿ ಎದುರಿನ ಗೋಡೆ ನೋಡಿದಳು. ಶೆಡ್ಡಿನ ಆ ಗೋಡೆ ಅವಳಿಗೆ ಚೆನ್ನಾಗಿ ಗೊತ್ತು. ಈ ಕಾರಿನೊಳಗೆ ಕೂತು ಅವಳು ನೋಡಿರುವುದು ಆ ಗೋಡೆಯೊಂದನ್ನೇ.

ಕಾರಿನಲ್ಲಿ ಈಗ ಕಾರು ಎನ್ನುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಹಿಂದಿನ ಸೀಟು, ನೆಲದ ಹಾಸು, ಬಾಗಿಲ ಒಳಪದರ, ರೇಡಿಯೋ ಎಲ್ಲ ಹೋಗಿದ್ದವು. ಬದಲಿಗೆ ಬಂದದ್ದು ಕಬ್ಬಿಣದ ಕೊಳವೆಗಳ ಪಂಜರ. ಆ ಶಬ್ದವನ್ನು ಗಂಡ ಹೆಮ್ಮೆಯಿಂದಲೇ ಬಳಸುತ್ತಿದ್ದ. "ಕಾರು ಪಲ್ಟಿ ಹೊಡೆದ್ರೂ ಪಂಜರದೊಳಗಿರೋರಿಗೆ ಏನೂ ಆಗಲ್ಲ." ಏನೂ ಆಗುವುದಿಲ್ಲ ಎಂಬುದು ಅವಳಿಗೂ ಅನುಭವದಿಂದ ಗೊತ್ತಿತ್ತು.

ಶುರುವಾದದ್ದು ಅವಳಿಂದಲೇ. ಯಾವುದೋ ಊರಿಗೆ ಹೋಗಿ ಬರುವಾಗ ದಾರಿಯ ಪಕ್ಕ ರೇಸ್ ಟ್ರ್ಯಾಕ್ ಕಂಡಿತ್ತು. ತಂತಿಬೇಲಿಯ ಆಚೆ ಕಾರುಗಳು ಒಂದರ ಹಿಂದೊಂದು ತಿರುವು ತೆಗೆದುಕೊಳ್ಳುತ್ತಿದ್ದವು. "ನಾನೂ ಒಂದ್ಸಲ ಹೀಗೆ ಓಡಿಸ್ಬೇಕು," ಎಂದಿದ್ದಳು. ಹಸಿವಾಗ್ತಿದೆ ಅನ್ನುವಷ್ಟೇ ಹಗುರವಾಗಿ. ಗಂಡ ಗೇರು ಬದಲಿಸಿ ಮುಂದೆ ಹೋದ. ಕೆಲವು ದಿನಗಳ ಮೇಲೆ ಒಂದು ಹಳೆಯ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಬಂದ. "ನಿನಗೆ," ಎಂದ.

ಅವನು ಸೇತುವೆಗಳ ಬಿರುಕು ಪರೀಕ್ಷಿಸುವ ಎಂಜಿನಿಯರ್. ಬಿರುಕಿಲ್ಲದ ಸೇತುವೆಯನ್ನು ಅವನು ನಂಬುವವನಲ್ಲ. ಕಾರು ಎರಡು ಸಲ ಸಿದ್ಧವಾಯಿತು. ಎರಡು ಸಲವೂ ಅವನು ಬಾಗಿ, ಟಾರ್ಚು ಬಿಟ್ಟು, ಏನನ್ನೋ ಕಂಡುಹಿಡಿದ. ಒಮ್ಮೆ ಎಂಜಿನ್ ಕೆಳಗಿಳಿಯಿತು. ಇನ್ನೊಮ್ಮೆ ಸಸ್ಪೆನ್ಷನ್ ಪೂರ್ತಿ ಬದಲಾಯಿತು. ನಡುವೆ ಅವಳ ಕೂದಲು ನರೆಯಲು ಶುರುವಾಗಿ, ಅವಳು ಅದಕ್ಕೆ ಬಣ್ಣ ಹಚ್ಚಲು ಶುರುಮಾಡಿ, ಬೇಸರವಾಗಿ ಬಿಟ್ಟೂ ಆಗಿತ್ತು.

"ಅಷ್ಟರೊಳಗೆ ನಾನು ಬೇರೆ ಕಾರಲ್ಲಿ ಕಲೀಲಾ?" ಎಂದು ಒಮ್ಮೆ ಕೇಳಿದ್ದಳು.

"ಸಾಧಾರಣ ಕಾರಲ್ಲಿ ಕಲಿತ್ರೆ ಕೈ ಕೆಡುತ್ತೆ. ಕೆಟ್ಟ ಅಭ್ಯಾಸ ಬಿಡ್ಸೋದು ಕಷ್ಟ."

ಬಂಧುಗಳೆಲ್ಲ ಅವಳ ಅದೃಷ್ಟವನ್ನು ಹೊಗಳಿದರು. ಹೆಂಡತಿಗೆ ಸೀರೆ ಕೊಡಿಸಲು ಮೀನಮೇಷ ಎಣಿಸುವವರ ನಡುವೆ ಇಂಥ ಗಂಡ! ಅವಳ ತಾಯಿ ಫೋನು ಮಾಡಿದಾಗಲೆಲ್ಲ ಅಳಿಯನ ಆರೋಗ್ಯ ಕೇಳಿ, ಆಮೇಲೆ ಕಾರಿನ ಆರೋಗ್ಯ ಕೇಳುತ್ತಿದ್ದಳು.

"ಕಾಲು ಪೆಡಲ್ ಮೇಲಿದೆಯಾ?" ಎಂದ ಗಂಡ.

"ಇದೆ. ಆದ್ರೆ ಪೂರ್ತಿ ಒತ್ತೋಕೆ ಆಗ್ತಾ ಇಲ್ಲ ಅನ್ಸುತ್ತೆ. ಮಂಡಿ ಮೊದಲೇ ಚಾಚಿಬಿಟ್ಟಿದೆ."

"ಈಗ ಒತ್ತಬೇಡ! ಸೊಂಟ ಜಾರುತ್ತೆ. ಸುಮ್ನೆ ಇಟ್ಕೊಂಡಿರು."

"ಆಮೇಲೆ ಓಡ್ಸುವಾಗ..."

"ಆಮೇಲೆ ಪೆಡಲ್ಲನ್ನೇ ಹತ್ತಿರಕ್ಕೆ ತಂದ್ರಾಯ್ತು. ಒಂದು ಪಟ್ಟಿ ಬೆಸುಗೆ ಹಾಕಿದ್ರೆ ಮುಗೀತು. ಅದು ಮುಂದಿನ ಕೆಲಸ."

ಮುಂದಿನ ಕೆಲಸ ಎನ್ನುವಾಗ ಅವನ ಮುಖ ಅರಳಿತು.

ಅವಳಿಗೆ ನಗು ಬಂತು. ನಗಲಿಲ್ಲ. ಅವಳು ಕಿವಿಯ ಚಿಕಿತ್ಸಾಲಯದಲ್ಲಿ ಶ್ರವಣ ತಜ್ಞೆ. ಕಿವಿಯಂತ್ರ ಬೇಕಾದವರ ಕಿವಿಗೆ ಮೆತ್ತನೆಯ ಹಿಟ್ಟಿನಂಥದ್ದನ್ನು ತುಂಬಿ ಅಚ್ಚು ತೆಗೆಯುವುದು ಅವಳ ದಿನನಿತ್ಯದ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರೋಗಿಗಳನ್ನು ಬಾಯಿ ಮುಚ್ಚಿಸಿ ಕೂರಿಸುತ್ತಿದ್ದಳು. ಅಚ್ಚು ಚೊಕ್ಕವಾಗಿ ಬರುತ್ತಿತ್ತು. ಮನೆಗೆ ಹೋಗಿ ಅವರು ಮಾತಾಡಿದೊಡನೆ, ಊಟಕ್ಕೆ ಕೂತೊಡನೆ, ಕಿವಿಯಂತ್ರ ಕುಯ್ಯೆನ್ನುತ್ತಿತ್ತು. ದವಡೆ ಆಡಿದರೆ ಕಿವಿಯ ಒಳಗಿನ ಆಕಾರವೇ ಬದಲಾಗುತ್ತದೆ. ಈಗ ಅವಳು ಎಲ್ಲರಿಗೂ ಹೇಳುತ್ತಾಳೆ: ಬಾಯಿ ಆಡಿಸಿ, ಅಗಿಯಿರಿ, ಮನೆಯವರನ್ನು ಮನಸಾರೆ ಬೈಯಿರಿ. ಸುಮ್ಮನಿದ್ದಾಗ ತೆಗೆದ ಅಚ್ಚು ಸುಮ್ಮನಿರುವವರಿಗಷ್ಟೇ ಸರಿ.

ಇದನ್ನು ಗಂಡನಿಗೆ ಹೇಳಬಹುದಿತ್ತು. ಮಾತಾಡಿದರೆ ಅಲೆ ಬೀಳುತ್ತಿತ್ತು.

*

ನೊರೆ ಗಟ್ಟಿಯಾದ ಮೇಲೆ ಅಣ್ಣತಮ್ಮಂದಿರು ಅವಳನ್ನು ಎರಡೂ ಕಡೆಯಿಂದ ಹಿಡಿದು ಎಬ್ಬಿಸಿದರು. ಕೂಡಲೇ ಇಬ್ಬರೂ ಒಳಗೆ ಬಾಗಿ, ಅವಳು ಬಿಟ್ಟುಬಂದ ಗುಳಿಯನ್ನು ನೋಡತೊಡಗಿದರು.

"ಬ್ಯೂಟಿಫುಲ್," ಎಂದ ಗಂಡ, ಗುಳಿಯನ್ನು ಸವರುತ್ತ.

ಅವಳು ಪಕ್ಕದಲ್ಲೇ ನಿಂತು ಬಟ್ಟೆ ಕೊಡವಿಕೊಂಡಳು.

"ಸಂಜೆ ಬೆನ್ನಿನ ಭಾಗ. ಡಬ್ಬಿ ಓಪನ್ ಆಗಿದೆ. ಗಾಳಿಯ ತೇವ ತಗೊಂಡ್ರೆ ನಾಳೆಗೆ ಕೆಡುತ್ತೆ. ಕತ್ತಲೆಯಾಗೋದ್ರೊಳಗೆ ಹಾಕ್ಲೇಬೇಕು." ಆಮೇಲೆ ನೆನಪಾದವನಂತೆ, "ಅಷ್ಟರೊಳಗೆ ನೀನು ಟ್ರ್ಯಾಕ್‌ಗೆ ಹೋಗಿ ಹೇಳಿ ಬಂದ್ಬಿಡು. ಫೋನ್ ಎತ್ತುತ್ತಿಲ್ಲ ಅವ್ರು."

ಕಾರು ಈ ಹೊತ್ತಿಗೆ ಮುಗಿದಿರುತ್ತದೆಂಬ ನಂಬಿಕೆಯಲ್ಲಿ ಅವನು ಹೊಸಬರ ದಿನಕ್ಕೆ ಅವಳ ಹೆಸರು ಬರೆಸಿದ್ದ. ಆ ದಿನ ಇವತ್ತು.

"ಏನಂತ ಹೇಳ್ಲಿ?"

"ಕಾರು ರೆಡಿ ಇಲ್ಲ, ಮುಂದಿನ ಸೀಸನ್‌ಗೆ ಹಾಕ್ಕೊಳ್ಳಿ ಅಂತ."

"ನೀವೇ ಹೋಗಿ ಹೇಳ್ಬಹುದಲ್ಲ."

"ಇದನ್ನ ಕೆತ್ತೋರು ಯಾರು?" ಅವನು ಆಗಲೇ ಚಾಕು ಹಿಡಿದಿದ್ದ.

ಮೈದುನ ನಕ್ಕ. "ಹೋಗ್ಬನ್ನಿ ಅತ್ತಿಗೆ. ಸೀಟಂತೂ ಇಲ್ಲೇ ಇದೆ, ನೀವು ಮಿಕ್ಕಿದ್ದು ತಗೊಂಡು ಹೋಗಿ."

*

ಅವಳು ದಿನಾ ಕ್ಲಿನಿಕ್‌ಗೆ ಹೋಗುವ ಪುಟ್ಟ ಕಾರು ಹೊರಗೆ ಬಿಸಿಲಲ್ಲಿ ನಿಂತಿತ್ತು. ಅದಕ್ಕೆ ಶೆಡ್ಡಿನಲ್ಲಿ ಜಾಗವಿರಲಿಲ್ಲ. ಮನೆಯಿಂದ ಕ್ಲಿನಿಕ್, ಕ್ಲಿನಿಕ್‌ನಿಂದ ಮನೆ. ಅದರ ಆಚೆಗೆ ಅವಳು ಒಬ್ಬಳೇ ಓಡಿಸಿದ್ದು ಕಡಿಮೆ. ಗಂಡ ಜೊತೆಗಿದ್ದರೆ ಅವನೇ ಸ್ಟೀರಿಂಗ್ ಹಿಡಿಯುತ್ತಿದ್ದ. ಅದು ಯಾರೂ ಮಾಡಿದ ನಿಯಮವಲ್ಲ. ಯಾರೂ ಮಾಡದ ನಿಯಮಗಳನ್ನು ಮುರಿಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಟ್ರ್ಯಾಕಿನ ಒಳಗೆ ಟೈರುಗಳ ರಾಶಿಯ ಮೇಲೆ ಒಬ್ಬ ಹೆಂಗಸು ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಹೆಚ್ಚುಕಡಿಮೆ ಅವಳದೇ ವಯಸ್ಸು. ವಾರವೆಲ್ಲ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಟ್ಟು, ರಜೆಯ ದಿನ ಇಲ್ಲಿ ಹೊಸಬರ ಪಕ್ಕ ಕೂರುವವಳು. ಇಲ್ಲಿಯೂ ಎಲ್ಲರೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು.

"ನಮ್ಮ ಕಾರು ರೆಡಿ ಇಲ್ಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

"ಹೇಗೆ ಬಂದ್ರಿ?"

"ಅಂದ್ರೆ?"

"ನಡ್ಕೊಂಡು ಬಂದ್ರಾ?"

"ಇಲ್ಲ, ಕಾರಲ್ಲಿ."

"ಮತ್ತೆ ಕಾರು ಇದೆಯಲ್ರೀ."

"ಇದು ಆ ಕಾರಲ್ಲ. ಇದು ಕೆಲಸಕ್ಕೆ ಹೋಗೋ ಕಾರು. ಅದನ್ನ ಇದಕ್ಕೇ ಅಂತ ಕಟ್ತಿದ್ದೀವಿ. ನಮ್ಮೆಜಮಾನ್ರು."

"ಬ್ರೇಕ್ ಹಿಡಿಯುತ್ತಾ ಇದು?"

"ಹಿಡಿಯುತ್ತೆ."

"ತಿರುಗ್ಸಿದ್ರೆ ತಿರುಗುತ್ತಾ?"

ಅವಳು ತಿರುಗಿ ತನ್ನ ಪುಟ್ಟ ಕಾರನ್ನು ನೋಡಿದಳು.

"ಎಷ್ಟು ವರ್ಷದಿಂದ ಕಟ್ತಿದ್ದಾರೆ?" ಟೀಚರ್ ಬಿಸ್ಕತ್ತಿನ ಪುಡಿ ಕೊಡವಿಕೊಂಡಳು. "ಬೇಡ, ಹೇಳ್ಬೇಡಿ. ಅಲ್ಲಿ ನೋಡಿ."

ನೆರಳಿನಲ್ಲಿ, ಟ್ರೇಲರಿನ ಮೇಲೆ, ಥಳಥಳಿಸುವ ಒಂದು ಕಾರಿತ್ತು. ಒಬ್ಬ ಗಂಡಸು ಅದರ ಚಕ್ರವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದ.

"ಹಲ್ಲಿನ ಡಾಕ್ಟ್ರು. ಪ್ರತಿ ಸಲ ಬರ್ತಾರೆ. ಪ್ರತಿ ಸಲ ಇನ್ನೊಂದು ಪಾರ್ಟ್ ಬರೋದಿರುತ್ತೆ. ಕೆಳಗೆ ಇಳಿಸಿದ್ದನ್ನ ನಾನಂತೂ ನೋಡಿಲ್ಲ. ನಿಮ್ಮ ಕಾರಲ್ಲಿರೋ ಸಾಮಾನೆಲ್ಲ ತೆಗೀರಿ. ತಿರುವಲ್ಲಿ ಕಾಲ ಕೆಳಗೆ ಉರುಳಬಾರ್ದು."

"ನಾನು ಹೇಳೋಕೆ ಬಂದದ್ದು..."

"ಹೇಳಿದ್ರಲ್ಲ. ಕೇಳ್ಸ್ಕೊಂಡೆ."

ಅವಳು ಹಿಂದಿನ ಸೀಟಿನ ಕೊಡೆ, ನೀರಿನ ಬಾಟಲಿ, ಬ್ಯಾಟರಿಗಳ ಪೆಟ್ಟಿಗೆ, ಪ್ಲಾಸ್ಟಿಕ್ಕಿನ ದೊಡ್ಡ ಕಿವಿಯ ಮಾದರಿ ಎಲ್ಲವನ್ನೂ ತೆಗೆದು ನೆಲದ ಮೇಲಿಟ್ಟಳು. ಶೆಡ್ಡಿನ ಕಾರನ್ನು ಹಗುರ ಮಾಡಲು ಗಂಡ ಎರಡು ಚಳಿಗಾಲ ತೆಗೆದುಕೊಂಡಿದ್ದ. ಇದಕ್ಕೆ ಟೀಚರ್ ಇನ್ನೊಂದು ಬಿಸ್ಕತ್ತು ತಿನ್ನುವಷ್ಟು ಹೊತ್ತು ಸಾಕಾಯಿತು.

ಹಲ್ಲಿನ ಡಾಕ್ಟರು ಒರೆಸುತ್ತಲೇ ತಿರುಗಿ ನೋಡಿ, "ನಿಮ್ಮದು ಯಾವುದು?" ಎಂದ. ಅವಳು ತೋರಿಸಿದಳು.

"ಓ," ಎಂದ.

ಆ "ಓ" ಅವಳಿಗೆ ಎಲ್ಲೋ ಚುಚ್ಚಿತು. ಅಲ್ಲಿಯವರೆಗೆ ಅವಳು ಹಿಂದಿರುಗುವ ನೆಪ ಹುಡುಕುತ್ತಿದ್ದಳು.

*

"ಇದು ರಸ್ತೆಯಲ್ಲ," ಎಂದಳು ಟೀಚರ್. "ಎದುರಿಂದ ಯಾರೂ ಬರಲ್ಲ. ಯಾರಿಗೂ ದಾರಿ ಬಿಡೋದು ಬೇಡ. ಹೋಗಿ."

ಅವಳು ಹೋದಳು. ಎರವಲು ಹೆಲ್ಮೆಟ್ಟಿನಲ್ಲಿ ಯಾರದೋ ತಲೆಯೆಣ್ಣೆಯ ವಾಸನೆ. ತಿರುವು ಇನ್ನೂ ದೂರವಿರುವಾಗಲೇ ಬ್ರೇಕು ಮುಟ್ಟಿದಳು.

"ಯಾಕೆ ನಿಲ್ಸಿದ್ರಿ? ತರಕಾರಿ ತಗೋಬೇಕಿತ್ತಾ?"

ಎರಡನೆಯ ತಿರುವಿಗೂ ಹಾಗೇ ಆಯಿತು.

"ಬ್ರೇಕನ್ನ ಸವರಬೇಡಿ. ಒದೀರಿ. ಕೋಪ ಇಲ್ವಾ ನಿಮಗೆ? ಒದೀರಿ!"

ಒದ್ದಳು. ಕಾರು ಮೂತಿ ಬಗ್ಗಿಸಿತು, ಬೆಲ್ಟು ಎದೆಗೆ ಕಚ್ಚಿತು, ಅವಳ ಮಂಡಿ ಪೂರ್ತಿ ಚಾಚಿತು. ಬ್ರೇಕಿಗೆ ಕಾಲು ಇಷ್ಟು ದೂರ ಹೋಗಬೇಕೆಂದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಶೆಡ್ಡಿನ ಆ ಸೀಟಿನಿಂದ ಕಾಲು ಇಲ್ಲಿಯ ತನಕ ಬರುವುದಿಲ್ಲ. ಅಲ್ಲಿ ಎಲ್ಲವನ್ನೂ ಅಳೆದಿದ್ದರು. ಸೊಂಟ, ತೊಡೆ, ಭುಜ, ಕತ್ತಿನ ಎತ್ತರ. ಅವಳು ಬ್ರೇಕು ಹಾಕಬೇಕಾಗಬಹುದು ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಪೆಡಲಿನ ಮಾತೆತ್ತಿದ್ದ ಅವಳಿಗೂ.

ಇನ್ನೊಂದು ಸುತ್ತಿನಲ್ಲಿ ಧೈರ್ಯ ಬುದ್ಧಿಗಿಂತ ಮುಂದೆ ಹೋಯಿತು. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲೆತ್ತಿದಳು. ಕಾರಿನ ಹಿಂಭಾಗ ತನ್ನ ಪಾಡಿಗೆ ಹೊರಟು, ಆಕಾಶ, ಬೇಲಿ, ಆಕಾಶ ಕಂಡು, ಕೊನೆಗೆ ಹುಲ್ಲು. ಎಂಜಿನ್ ನಿಂತಿತು. ಎಲ್ಲೋ ಒಂದು ಹಕ್ಕಿ ಕೂಗಿತು.

"ಸಾರಿ," ಎಂದಳು ಅವಳು.

"ಯಾರಿಗೆ?"

ಅವಳು ಯೋಚಿಸಿದಳು. ಪ್ರಶ್ನೆ ಸರಳವಾಗಿತ್ತು.

"ಸ್ಟಾರ್ಟ್ ಮಾಡಿ," ಎಂದಳು ಟೀಚರ್. ಕಾರು ಟ್ರ್ಯಾಕಿಗೆ ಬಂದು ಒಂದು ಸುತ್ತು ಮುಗಿದ ಮೇಲೆ ಹೇಳಿದಳು: "ಪ್ರತಿ ತಿರುವಿಗೂ ಮುಂಚೆ ನನ್ನ ಕಡೆ ನೋಡ್ತೀರ."

"ಇಲ್ವಲ್ಲ."

"ನೋಡ್ತೀರ. ನಾನೇನು ಕನ್ನಡಿನಾ? ನಿಲ್ಸಿ. ಇಳೀತೀನಿ. ಈಗ ಯಾರನ್ನ ನೋಡ್ತೀರೋ ನೋಡೋಣ."

ಅವಳು ಒಬ್ಬಳೇ ಹೊರಟಳು. ಮೊದಲ ತಿರುವು ಬಂತು. ಅವಳ ಕಣ್ಣು ಪಕ್ಕಕ್ಕೆ ಹೋಯಿತು. ಖಾಲಿ ಸೀಟು. ಎರಡನೆಯ ತಿರುವು. ಮತ್ತೆ ಖಾಲಿ ಸೀಟು. ಯಾರೂ ಇಲ್ಲದ ಆ ಸೀಟಿನ ಅಪ್ಪಣೆ ಅವಳು ಕೇಳುತ್ತಿದ್ದಳು. ಯಾರೂ ಇಲ್ಲದ ಸೀಟು ಸ್ವಲ್ಪ ತಡೆದು, ಹೂಂ ಎನ್ನುತ್ತಿತ್ತು.

ಮೈಯೆಲ್ಲ ಉರಿಯಿತು. ಇದು ಎಷ್ಟು ದಿನದಿಂದ? ಕ್ಲಿನಿಕ್‌ನಲ್ಲಿ ಇಡೀ ದಿನ ಇನ್ನೊಬ್ಬರ ಕಿವಿಗೆ ಧೈರ್ಯ ಹೇಳುವವಳು, ಫ್ಯಾನು ಹಾಕುವ ಮೊದಲು, ಫೋನು ಎತ್ತುವ ಮೊದಲು, ನಗುವ ಮೊದಲು, ಹೀಗೆ ಪಕ್ಕಕ್ಕೊಮ್ಮೆ ನೋಡಿರಬೇಕು. ಗಂಡ ಯಾವತ್ತೂ ಬೇಡವೆಂದಿರಲಿಲ್ಲ. ಅವನು ಜೋರು ಮಾಡುವವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಪಂಜರ ಕಟ್ಟಿದ್ದು ಅವಳಿಗೆ ಪೆಟ್ಟಾಗಬಾರದೆಂದು. ಅವಳ ಬಾಯಿಂದ ಜಾರಿದ ಒಂದು ಮಾತಿನ ಮೇಲೆ ಅವನು ವರ್ಷಗಟ್ಟಲೆ ಬೆಸುಗೆ ಹಾಕುತ್ತ ಹೋಗಿ, ಆ ಮಾತೇ ಈಗ ಅವನದಾಗಿತ್ತು. ಓಡಿಸಬೇಕೆಂಬ ಆಸೆ ಅವಳಿಗೆ ನಿಜವಾಗಿ ಇತ್ತೋ ಇಲ್ಲವೋ, ಈಗ ಹೇಳಲು ಬರುವಂತಿರಲಿಲ್ಲ.

ಈಗ ಇತ್ತು. ಅಷ್ಟು ಮಾತ್ರ ಖಚಿತ.

"ನೋಡಲ್ಲ," ಎಂದಳು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ. "ನೋಡಲ್ಲ, ಏನ್ಮಾಡ್ತೀಯ?"

ಮುಂದಿನ ತಿರುವಿಗೆ ನೋಡಲಿಲ್ಲ. ಬ್ರೇಕು ಒದ್ದಳು, ತಿರುಗಿಸಿದಳು, ಕಾರು ಹೇಳಿದ ಕಡೆ ಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಟೀಚರ್ ಅತ್ತ ಬೆನ್ನು ಮಾಡಿ ಯಾರ ಜೊತೆಗೋ ಮಾತಾಡುತ್ತಿದ್ದಳು. ತಿರುವು ಆಯಿತು, ಅಷ್ಟೇ. ಅದರ ಆಚೆಗೆ ಇನ್ನೊಂದು ತಿರುವಿತ್ತು.

*

ಕಾರು ನಿಲ್ಲಿಸಿದಾಗ ನೆಲದ ಮೇಲಿನ ಸಾಮಾನಿನ ನಡುವೆ ಫೋನು ಬಡಿದುಕೊಳ್ಳುತ್ತಿತ್ತು.

"ಹೇಳಿದ್ಯಾ?" ಗಂಡನ ದನಿ.

"ಹೇಳಿದೆ."

"ಒಪ್ಪಿದ್ರಾ?"

"ಹೂಂ."

"ಏನು, ಏದುಸಿರು ಬಿಡ್ತಿದ್ದೀಯ?"

"ಬಿಸಿಲು."

"ಬೇಗ ಹೊರಡು. ಬೆನ್ನಿಗೆ ಎಲ್ಲ ರೆಡಿ ಮಾಡ್ಕೊಂಡು ಕೂತಿದ್ದೀವಿ. ತಡವಾದ್ರೆ ಡಬ್ಬಿ ಪೂರಾ ವೇಸ್ಟು."

"ಹೊರಟೆ."

ಫೋನು ಇಟ್ಟು ಟೀಚರ್ ಕಡೆ ತಿರುಗಿದಳು. "ಸಂಜೆ ಕೊನೇ ಸರದಿಗೂ ನಾನು ಹೋಗ್ಬಹುದಾ?"

"ಮತ್ತೆ ನನ್ನನ್ನೇ ಕೇಳ್ತೀರಲ್ರೀ."

ಅವಳು ಹೆಲ್ಮೆಟ್ಟು ಮತ್ತೆ ಹಾಕಿಕೊಂಡಳು. ಮನೆಯಲ್ಲಿ ಅವಳ ಬೆನ್ನಿಗಾಗಿ ಇಬ್ಬರು ಗಂಡಸರು ಕಾಯುತ್ತಿದ್ದರು. ಕಾಯಲಿ. ಬೆನ್ನು ಅವಳದು. ಡಬ್ಬಿ ಕೆಟ್ಟರೆ ಕೆಡಲಿ; ಆಗ ಜಗಳವಾಗುತ್ತದೆ, ಆ ಜಗಳದಲ್ಲಿ ಎಲ್ಲವನ್ನೂ ಹೇಳಿದರಾಯಿತು. ಪೆಡಲಿನ ಮಾತು, ಹುಲ್ಲಿನ ಮೇಲೆ ಗಿರಕಿ ಹೊಡೆದದ್ದು, ಎಲ್ಲ. ಮೊದಲ ವಾಕ್ಯ ಏನಿರಬೇಕೆಂದೂ ಯೋಚಿಸಿಟ್ಟುಕೊಂಡಳು.

*

ಮನೆ ಮುಟ್ಟಿದಾಗ ಕತ್ತಲೆ ಕವಿಯುತ್ತಿತ್ತು. ಶೆಡ್ಡಿನಲ್ಲಿ ದೀಪ ಉರಿಯುತ್ತಿತ್ತು. ಅವಳು ಬಾಗಿಲು ದೂಡಿದಳು. ಮೊದಲ ವಾಕ್ಯ ನಾಲಿಗೆಯ ತುದಿಯಲ್ಲಿತ್ತು.

"ಶ್!" ಎಂದ ಗಂಡ.

ಅಣ್ಣತಮ್ಮಂದಿರು ಕಾರಿನ ಎರಡು ಪಕ್ಕಕ್ಕೂ ಬಾಗಿ ನಿಂತಿದ್ದರು. ಸೀಟಿನಲ್ಲಿ ಯಾರೋ ಕೂತಿದ್ದರು. ಮೈಗೆ ಅವಳಿಗೆಂದು ಗಂಡ ತರಿಸಿಟ್ಟಿದ್ದ ಹೊಸ ಡ್ರೈವಿಂಗ್ ಸೂಟು, ಎದೆಯ ಮೇಲೆ ಬಿಗಿದ ಬೆಲ್ಟುಗಳು, ಕೈಗವಸು, ತಲೆಗೆ ಹೆಲ್ಮೆಟ್ಟು. ಹೆಲ್ಮೆಟ್ಟಿನ ಗಾಜಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ಸೂಟಿನ ಕುತ್ತಿಗೆಯಿಂದ ಅತಿಥಿಗಳಿಗೆ ಹಾಸುವ ಹಾಸಿಗೆಯ ಅಂಚು ಇಣುಕುತ್ತಿತ್ತು.

"ನೀನು ಬರ್ಲಿಲ್ಲ," ಎಂದ ಗಂಡ ಪಿಸುದನಿಯಲ್ಲಿ. ಕೋಪವಿರಲಿಲ್ಲ. "ಪರ್ವಾಗಿಲ್ಲ. ನಿನ್ನ ಅಳತೆ ನನಗೆ ಬಾಯಿಪಾಠ. ಹಾಸಿಗೆ ಸುತ್ತಿ, ಭುಜಕ್ಕೆ ಎರಡು ದಿಂಬು ತುಂಬಿದೆ. ಬಂದು ನೋಡು, ಒಂದು ಅಲೆಯಾದ್ರೂ ಇದೆಯಾ?"

"ಬೇಜಾರ್ ಮಾಡ್ಕೋಬೇಡಿ ಅತ್ತಿಗೆ," ಎಂದ ಮೈದುನ. "ಈ ಅತ್ತಿಗೆ ನಿಮಗಿಂತ ಚೆನ್ನಾಗಿ ಕೂತ್ಕೋತಾರೆ. ಕಾಲು ಉದ್ದ ಇಲ್ಲ, ಬ್ರೇಕು ಸಿಕ್ತಿಲ್ಲ ಅಂತ ಕಂಪ್ಲೇಂಟೇ ಇಲ್ಲ."

"ಉಸಿರೂ ಆಡಲ್ಲ," ಎಂದ ಗಂಡ. ಅವನು ತಮಾಷೆ ಮಾಡುತ್ತಿರಲಿಲ್ಲ. ಕೆಲಸ ಚೆನ್ನಾಗಿ ಬಂದಾಗಿನ ಮೃದುತ್ವ ಅವನ ದನಿಯಲ್ಲಿತ್ತು. ಆಮೇಲೆ ಮೂಗರಳಿಸಿದ. "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ?"

ಹೊರಗೆ ನಿಂತ ಪುಟ್ಟ ಕಾರಿನ ಬ್ರೇಕುಗಳು ಇನ್ನೂ ಕಾದಿದ್ದವು.

"ಡಬ್ಬಿದೇ ಇರ್ಬೇಕು," ಎಂದ ಮೈದುನ.

"ಇರ್ಬಹುದು," ಎಂದಳು ಅವಳು.

ಮೊದಲ ವಾಕ್ಯ ಎಲ್ಲಿ ಹೋಯಿತೋ. ಅದನ್ನು ಹೇಳಲು ಒಂದು ಜಗಳ ಬೇಕಿತ್ತು. ಇಲ್ಲಿ ಯಾರಿಗೂ ಯಾವ ಕೊರತೆಯೂ ಆಗಿರಲಿಲ್ಲ. ಅವಳು ಬಾರದಿದ್ದದ್ದರಿಂದ ಕೆಟ್ಟದ್ದು ಏನೂ ಇರಲಿಲ್ಲ. ಅವಳು ಸೀಟಿನಲ್ಲಿದ್ದವಳನ್ನು ನೋಡಿದಳು. ಸೀಟಿನವಳು ಗೋಡೆ ನೋಡುತ್ತಿದ್ದಳು.

ಬರುವ ವಾರವೂ ಇವಳೇ ಕೂತಿರಲಿ. ಅದರ ಮುಂದಿನ ವಾರವೂ. ಪೆಡಲು ಹತ್ತಿರಕ್ಕೆ ಬರಲಿ, ಬಾಗಿಲಿಗೆ ಬಣ್ಣ ಬರಲಿ, ಬೇಕಾದರೆ ಎಂಜಿನ್ ಮತ್ತೊಮ್ಮೆ ಕೆಳಗಿಳಿಯಲಿ. ಅಳತೆಗೆ ಇವಳಿದ್ದಾಳೆ. ತಾನು ಇನ್ನು ಇದರೊಳಗೆ ಕೂರುವುದಿಲ್ಲ. ಟ್ರ್ಯಾಕಿಗೆ ಹೋಗುವುದನ್ನು ನಿಲ್ಲಿಸುವುದೂ ಇಲ್ಲ. ಕ್ಲಿನಿಕ್‌ಗೆ ಎಂದು ಹೊರಟರಾಯಿತು, ಯಾರೂ ಕೇಳುವುದಿಲ್ಲ. ಹೀಗೆ ನಿಶ್ಚಯಿಸಿದಳು. ಯಾರಿಗೂ ಹೇಳಲಿಲ್ಲ. ಪಕ್ಕಕ್ಕೂ ನೋಡಲಿಲ್ಲ.

"ಸ್ವಲ್ಪ ಇಲ್ಲಿ ಬಾ," ಎಂದ ಗಂಡ. "ತಲೆ ವಾಲ್ತಾ ಇದೆ. ಗಟ್ಟಿಯಾಗೋ ತನಕ ಹಿಡ್ಕೋ. ಅಲ್ಲಾಡಬಾರ್ದು ನೋಡು."

ಅವಳು ಕಿಟಕಿಯಿಂದ ಒಳಗೆ ಬಾಗಿ ಎರಡು ಅಂಗೈಗಳ ನಡುವೆ ಆ ಹೆಲ್ಮೆಟ್ಟನ್ನು ಹಿಡಿದಳು. ಅದು ಹಗುರವಾಗಿತ್ತು. ಕೆಳಗೆ ನೊರೆ ಸಣ್ಣಗೆ ಸದ್ದು ಮಾಡುತ್ತ, ದಿಂಬುಗಳ ಹಿಂದಿನಿಂದ ಒಂದು ಬೆನ್ನನ್ನು ಹುಡುಕಿಕೊಂಡು ಮೇಲೇರುತ್ತಿತ್ತು. ಅವಳು ತಲೆಯನ್ನು ನೇರವಾಗಿ, ಅಲ್ಲಾಡದಂತೆ, ಗಟ್ಟಿಯಾಗಿ ಒತ್ತಿ ಹಿಡಿದಳು.